ಗಾಳಿಯೋ, ನೀರೋ, ವಯಸ್ಸೋ?

ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ರಾತ್ರಿ ನಮ್ಮ ಮನೆಯ ಮೇಲೆ ಹದಿನೈದು ನಿಮಿಷ ಆಲಿಕಲ್ಲು ಬಿತ್ತು. ನಾವಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಉತ್ತರಕ್ಕೆ ಬೆಳೆದ ಬಡಾವಣೆಗಳಲ್ಲಿ ಒಂದರಲ್ಲಿ. ಇಲ್ಲಿ ವಸಂತ ಬಂತೆಂದರೆ ಆಲಿಕಲ್ಲು ಬಂತೆಂದೇ ಲೆಕ್ಕ. ಬೆಳಗ್ಗೆ ಎದ್ದು ನೋಡಿದರೆ ಹಿತ್ತಲ ತುಂಬ ಹರಿದ ಎಲೆ, ಮಳೆನೀರು ಹರಿಯುವ ಕೊಳವೆಯ ಬಾಯಲ್ಲಿ ಕಪ್ಪು ಮರಳಿನಂಥ ಪುಡಿ. ಅದು ಚಾವಣಿಯ ಶಿಂಗಲ್‌ಗಳಿಂದ ಉದುರಿದ್ದು. ಶಿಂಗಲ್ ಎಂದರೆ ಡಾಂಬರು ಬಳಿದು, ಮೇಲೆ ಕಲ್ಲಿನ ಪುಡಿ ಅಂಟಿಸಿದ ತೆಳು ಹಾಳೆ. ಇಲ್ಲಿನ ಬಹುಪಾಲು ಮನೆಗಳಿಗೆ ಹಂಚಿನ ಬದಲು ಇರುವುದು ಅದೇ.

ವಿಮಾ ಕಂಪನಿಗೆ ಫೋನ್ ಮಾಡಿದೆ. ಒಂಬತ್ತು ದಿನಗಳ ಮೇಲೆ ಅವರ ಅಡ್ಜಸ್ಟರ್ ಬಂದ. ನಮ್ಮ ಕಡೆ ಸರ್ವೇಯರ್ ಅನ್ನುತ್ತಾರಲ್ಲ, ಅಂಥವನು. ಏಣಿ ಹಾಕಿ ಮೇಲೆ ಹತ್ತಿ, ಚಾವಣಿಯ ಪ್ರತಿ ಇಳಿಜಾರಿನಲ್ಲೂ ಹತ್ತಡಿಗೆ ಹತ್ತಡಿಯ ಒಂದು ಚೌಕ ಬರೆದ. ಚೌಕದೊಳಗೆ ಕಲ್ಲು ಬಡಿದಂತೆ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಸೊನ್ನೆ ಸುತ್ತಿದ. ಎಣಿಸಿದ, ಫೋಟೋ ತೆಗೆದ, ಇಳಿದ. ವಾರದ ನಂತರ ಪತ್ರ ಬಂತು. ಆಲಿಕಲ್ಲಿನಿಂದ ಆದ ಹಾನಿ 3,100 ಡಾಲರ್. ಮಿಕ್ಕಿದ್ದು ವಯಸ್ಸಿನಿಂದ ಆದ ಸವೆತ, ಅದಕ್ಕೆ ವಿಮೆ ಇಲ್ಲ. ನನ್ನ ಪಾಲಿಸಿಯಲ್ಲಿ ಡಿಡಕ್ಟಿಬಲ್, ಅಂದರೆ ಮೊದಲಿಗೆ ನಾನೇ ಹೊರಬೇಕಾದ ಮೊತ್ತ, ಮನೆಯ ವಿಮಾಬೆಲೆಯ ಎರಡು ಪರ್ಸೆಂಟ್: 8,000 ಡಾಲರ್. ಹಾಗಾಗಿ ಕಂಪನಿ ಕೊಡಬೇಕಾದದ್ದು ಸೊನ್ನೆ. ಅದೇ ಚಾವಣಿಯನ್ನು ನೋಡಿದ ರಿಪೇರಿಯವನು, ಪೂರ್ತಿ ಹೊಸದಾಗಿ ಹಾಕಬೇಕು, 19,000 ಡಾಲರ್ ಆಗುತ್ತದೆ ಎಂದಿದ್ದ.

ಆ ಭಾನುವಾರ ಸಾಗರದ ಹತ್ತಿರದ ನಮ್ಮೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಆಳು ಕರೆಸಿ ಹಂಚು ಕೈಯಾಡಿಸುವವರು. ವಿಮೆ ಗಿಮೆ ಅವರ ಲೆಕ್ಕದಲ್ಲಿ ಇಲ್ಲ. ಎಲ್ಲ ಕೇಳಿಸಿಕೊಂಡು, "ಅಲ್ಲ ಮಾರಾಯ, ಹಳೇ ಹಂಚಿಗೆ ಗಾಳಿ ಹೊಡೆದ್ರೆ ಬೀಳತ್ತೆ, ಹೊಸತಾದ್ರೆ ನಿಲ್ಲತ್ತೆ. ಹಾಗಾದ್ರೆ ಬೀಳಿಸಿದ್ದು ಗಾಳಿಯೋ, ವಯಸ್ಸೋ? ಎರಡೂ ಅಲ್ವಾ?" ಎಂದರು.

ಅಪ್ಪ ಸುಮ್ಮನೆ ಆಡಿದ ಮಾತು. ಆದರೆ ಇದೇ ಮಾತಿಗಾಗಿ ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಸಾವಿರಾರು ಜನ ಕೋರ್ಟು ಹತ್ತಿದ್ದಾರೆಂದು ನನಗೆ ಆಗ ಗೊತ್ತಿರಲಿಲ್ಲ. ಪತ್ರಕ್ಕೆ ಉತ್ತರ ಬರೆಯಬೇಕೆಂದು ಹಳೆಯ ತೀರ್ಪುಗಳನ್ನು ಓದಲು ಕೂತವನು, ಎರಡು ತಿಂಗಳು ಅದರಲ್ಲೇ ಮುಳುಗಿದೆ. ಓದಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮನೆಗೆ ವಿಮೆ ಎಂಬುದು ಹುಟ್ಟಿದ್ದು ಬೆಂಕಿಯಿಂದ. 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ಉರಿದುಹೋಯಿತು. ವೈದ್ಯನೂ ಕಟ್ಟಡ ವ್ಯಾಪಾರಿಯೂ ಆಗಿದ್ದ ನಿಕೊಲಸ್ ಬಾರ್ಬನ್ ಎಂಬಾತ 1680ರಲ್ಲಿ ಅಲ್ಲಿ ಬೆಂಕಿವಿಮೆಯ ಕಚೇರಿ ತೆರೆದ. ಇಟ್ಟಿಗೆ ಮನೆಗೆ ಒಂದು ದರ, ಮರದ ಮನೆಗೆ ಅದರ ಎರಡರಷ್ಟು. ಅಮೆರಿಕಕ್ಕೆ ಈ ವ್ಯವಹಾರ ತಂದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮುಖ್ಯ. 1752ರಲ್ಲಿ ಫಿಲಡೆಲ್ಫಿಯಾದಲ್ಲಿ ಆತ ಗೆಳೆಯರೊಡನೆ ಕಟ್ಟಿದ ಸಂಘ ಮುಂದೆ, ಮನೆಯೆದುರು ಮರವಿದ್ದರೆ ವಿಮೆ ಕೊಡುವುದಿಲ್ಲ ಎಂದಿತು. ಮರ ಕಡಿಯಲು ಒಪ್ಪದವರೆಲ್ಲ ಸೇರಿ 1784ರಲ್ಲಿ ಇನ್ನೊಂದು ಸಂಘ ಮಾಡಿಕೊಂಡರು. ಹಸಿರು ಮರವೇ ಅದರ ಗುರುತು. ಯಾವ ಅಪಾಯ ಒಳಗೆ, ಯಾವುದು ಹೊರಗೆ ಎಂಬ ಜಗಳ ಅಷ್ಟು ಹಳೆಯದು.

ಬೆಂಕಿಗೆ ಒಂದು ಗುಣವಿದೆ. ಸುಟ್ಟ ಮನೆ ಸುಟ್ಟಂತೆಯೇ ಕಾಣುತ್ತದೆ. ಬೆಂಕಿ ಹಚ್ಚಿದವರು ಯಾರು ಎಂದು ಜಗಳ ಬರಬಹುದು, ಸುಟ್ಟದ್ದು ಬೆಂಕಿಯೇ ಹೌದೇ ಎಂದು ಬರುವುದಿಲ್ಲ. ಬಿರುಗಾಳಿಯ ಕತೆ ಹಾಗಲ್ಲ. ಗಾಳಿ ಬರುವಾಗ ಮಳೆಯನ್ನೂ ಆಲಿಕಲ್ಲನ್ನೂ ಕಡಲನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಬೆಂಕಿವಿಮೆಯ ಪತ್ರಕ್ಕೆ ಗಾಳಿ ಸೇರಿದ್ದು ಬಹಳ ತಡವಾಗಿ. 1930ರ ದಶಕದಲ್ಲಿ ಬೆಂಕಿಯ ಪಾಲಿಸಿಗೆ ಒಂದು ಹೆಚ್ಚುವರಿ ಹಾಳೆ ಅಂಟಿಸುವ ರೂಢಿ ಬಂತು. ಬಿರುಗಾಳಿ, ಆಲಿಕಲ್ಲು, ಸ್ಫೋಟ, ದಂಗೆ, ವಿಮಾನ, ವಾಹನ, ಹೊಗೆ ಇವೆಲ್ಲ ಆ ಒಂದೇ ಹಾಳೆಯಲ್ಲಿದ್ದವು. 1950ರಲ್ಲಿ ಬೆಂಕಿ, ಗಾಳಿ, ಕಳ್ಳತನ, ಹೊಣೆಗಾರಿಕೆ ಎಲ್ಲವನ್ನೂ ಒಂದೇ ಕಟ್ಟಾಗಿ ಮಾರುವ 'ಹೋಮ್‌ಓನರ್ಸ್' ಪಾಲಿಸಿ ಬಂತು. ನನ್ನ ಕಪಾಟಿನಲ್ಲಿರುವುದು ಅದರ ಮೊಮ್ಮಗ.

ಆ ಕಟ್ಟಿನಲ್ಲಿ ಇಲ್ಲದ್ದು ನೆರೆ. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಏಳು ರಾಜ್ಯಗಳ ನೆಲ ಮುಳುಗಿದ ಮೇಲೆ ಖಾಸಗಿ ಕಂಪನಿಗಳು ನೆರೆವಿಮೆಯ ಸಹವಾಸ ಬಿಟ್ಟವು. ಅವರ ತರ್ಕವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಬೆಂಕಿ ಊರಿನ ಒಂದು ಮನೆಗೆ ಬಿದ್ದರೆ ಮಿಕ್ಕ ಮನೆಗಳ ಕಂತಿನಿಂದ ಪರಿಹಾರ ಕೊಡಬಹುದು. ನೆರೆ ಬಂದರೆ ಊರಿಗೆ ಊರೇ ಮುಳುಗುತ್ತದೆ, ಗುಡ್ಡದ ಮೇಲಿರುವವನು ನೆರೆವಿಮೆ ಕೊಳ್ಳುವುದೂ ಇಲ್ಲ. ಹೀಗೆ ಗಾಳಿ ವಿಮೆಯ ಒಳಗೆ ಉಳಿಯಿತು, ನೀರು ಹೊರಗೆ ಹೋಯಿತು. ಬಿರುಗಾಳಿಯೊಳಗೇ ಒಂದು ಗೆರೆ ಬಿತ್ತು.

1965ರ ಸೆಪ್ಟೆಂಬರಿನಲ್ಲಿ ಬೆಟ್ಸಿ ಎಂಬ ಚಂಡಮಾರುತ ಲೂಸಿಯಾನಾಕ್ಕೆ ಅಪ್ಪಳಿಸಿತು. ನೂರು ಕೋಟಿ ಡಾಲರಿಗೂ ಮೀರಿದ ಹಾನಿ ಮಾಡಿದ ಮೊದಲ ಚಂಡಮಾರುತ ಅದು. ಮನೆ ಮುಳುಗಿದವರ ಕೈಯಲ್ಲಿ ಗಾಳಿಯ ವಿಮೆಯಿತ್ತು, ನೀರಿನದ್ದು ಇರಲಿಲ್ಲ. ಅದರ ಫಲವಾಗಿ 1968ರಲ್ಲಿ ಕೇಂದ್ರ ಸರ್ಕಾರವೇ ನೆರೆವಿಮೆ ಮಾರುವ ಕಾನೂನು ಬಂತು. ಮರುವರ್ಷ, 1969ರ ಆಗಸ್ಟ್ 17ರ ರಾತ್ರಿ, ಕಮೀಲ್ ಎಂಬ ಚಂಡಮಾರುತ ಮಿಸಿಸಿಪ್ಪಿ ರಾಜ್ಯದ ಕರಾವಳಿಯನ್ನು ತೊಳೆದುಹಾಕಿತು. ಹೊಸ ನೆರೆವಿಮೆ ಇನ್ನೂ ಜನರ ಕೈ ಸೇರಿರಲಿಲ್ಲ. ಮನೆ ಕಳೆದುಕೊಂಡವರು ಗಾಳಿಯ ವಿಮೆ ಕೇಳಿದರು, ಕಂಪನಿಗಳು ಒಯ್ದದ್ದು ನೀರು ಎಂದವು. ಆ ದಾವೆಗಳಲ್ಲಿ ಮಿಸಿಸಿಪ್ಪಿಯ ಸರ್ವೋಚ್ಚ ನ್ಯಾಯಾಲಯ ಹಿಡಿದ ದಾರಿ ಸರಳ: ಗಾಳಿಯೋ ನೀರೋ ಎಂಬುದು ಜ್ಯೂರಿಯಲ್ಲಿ ಕೂತ ಊರಿನ ಜನ ಸಾಕ್ಷಿ ಕೇಳಿ ತೀರ್ಮಾನಿಸಬೇಕಾದ ಸಂಗತಿ. ನೆರೆಹೊರೆಯವರು ಬಂದು, ನೀರು ಏರುವ ಮುಂಚೆಯೇ ಮಾಡು ಹಾರಿದ್ದು ಕಂಡೆವು ಎಂದರೆ ಆ ಮಾತಿಗೆ ತೂಕವಿತ್ತು.

1983ರಲ್ಲಿ ಇನ್ನೊಂದು ಬದಲಾವಣೆ ಆಯಿತು. ನೆರೆವಿಮೆಯನ್ನು ಮಾರುವ, ಹಾನಿ ಅಳೆಯುವ ಕೆಲಸವನ್ನು ಸರ್ಕಾರ ಖಾಸಗಿ ಕಂಪನಿಗಳಿಗೇ ವಹಿಸಿತು. ಹಣ ಸರ್ಕಾರದ್ದು, ಕೆಲಸ ಕಂಪನಿಯದು. ಅಂದಮೇಲೆ ಹಲವು ಮನೆಗಳಿಗೆ ಗಾಳಿಯ ವಿಮೆ ಕೊಟ್ಟ ಕಂಪನಿಯ ಅಡ್ಜಸ್ಟರನೇ ನೆರೆಯ ಹಾನಿಯನ್ನೂ ಅಳೆಯುತ್ತಾನೆ. ಹಾನಿ ಗಾಳಿಯದು ಎಂದರೆ ದುಡ್ಡು ಹೋಗುವುದು ಅವನ ಕಂಪನಿಯ ಖಜಾನೆಯಿಂದ. ನೀರಿನದು ಎಂದರೆ 250,000 ಡಾಲರಿನವರೆಗೆ ಸರ್ಕಾರದ ಖಜಾನೆಯಿಂದ. ಎಲ್ಲ ಅಡ್ಜಸ್ಟರರೂ ಮೋಸಗಾರರಲ್ಲ, ನನ್ನ ಮನೆಗೆ ಬಂದವನೂ ಬಿಸಿಲಲ್ಲಿ ಬೆವರಿಳಿಸಿ ದುಡಿದ ಹುಡುಗನೇ. ಆದರೆ ತಕ್ಕಡಿ ಹಿಡಿದವನಿಗೆ ಒಂದು ತಟ್ಟೆ ತನ್ನದು, ಇನ್ನೊಂದು ಬೇರೆಯವರದು ಎಂಬ ಏರ್ಪಾಡು ಮೊದಲಿನಿಂದಲೇ ಸರಿಯಿರಲಿಲ್ಲ.

ಇದೇ ಸುಮಾರಿಗೆ ಪಾಲಿಸಿಯ ಭಾಷೆಯೂ ಬದಲಾಯಿತು. ಒಂದು ಹಾನಿಗೆ ಎರಡು ಕಾರಣಗಳಿದ್ದು, ಒಂದಕ್ಕೆ ವಿಮೆ ಇದ್ದರೆ ಸಾಕು, ಪರಿಹಾರ ಕೊಡಬೇಕು ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳು ಹೇಳತೊಡಗಿದ್ದವು. ಹೆದರಿದ ಕಂಪನಿಗಳು 1980ರ ದಶಕದಲ್ಲಿ ಒಂದು ಹೊಸ ವಾಕ್ಯ ಸೇರಿಸಿದವು. ಅದರ ತಾತ್ಪರ್ಯ ಇಷ್ಟು: ನೆರೆಯಂಥ ಹೊರಗಿಟ್ಟ ಕಾರಣದಿಂದ ಹಾನಿಯಾದರೆ, ಬೇರೆ ಯಾವ ಕಾರಣ ಅದರ ಜೊತೆಗಿರಲಿ, ಯಾವುದು ಮೊದಲು ಯಾವುದು ನಂತರ ಬಂದಿರಲಿ, ನಾವು ಕೊಡುವುದಿಲ್ಲ. ಪಾಲಿಸಿ ಕೊಂಡವರಲ್ಲಿ ಎಷ್ಟು ಜನ ಈ ವಾಕ್ಯ ಓದಿದ್ದರೋ! ನಾನಂತೂ ನನ್ನ ಪಾಲಿಸಿಯಲ್ಲಿ ಅದನ್ನು ಹುಡುಕಿ ಓದಿದ್ದು ಕಲ್ಲು ಬಿದ್ದ ಮೇಲೆ.

1992ರ ಆಗಸ್ಟ್ 24ರ ಬೆಳಗಿನ ಜಾವ ಆಂಡ್ರ್ಯೂ ಚಂಡಮಾರುತ ಫ್ಲೋರಿಡಾದ ದಕ್ಷಿಣಕ್ಕೆ ಬಂತು. ಅದು ಹೆಚ್ಚಾಗಿ ಗಾಳಿಯದ್ದೇ ಹಾವಳಿ, ಹಾಗಾಗಿ ಗಾಳಿ ನೀರಿನ ಜಗಳ ಅಲ್ಲಿ ಕಮ್ಮಿ. ಆದರೆ ಚಾವಣಿಯ ಗುಟ್ಟು ಅದು ಬಯಲು ಮಾಡಿತು. ಸಾಲು ಸಾಲು ಹೊಸ ಮನೆಗಳ ಮಾಡು ಎದ್ದುಹೋಗಿದ್ದವು. ನೋಡಿದರೆ ಹಲವೆಡೆ ಮಾಡಿನ ಹಲಗೆಗಳನ್ನು ತೊಲೆಗೆ ಸರಿಯಾಗಿ ಬಡಿದೇ ಇರಲಿಲ್ಲ, ಮೊಳೆಯ ಬದಲು ಪಿನ್ ಹೊಡೆದಿದ್ದರು, ಅದರಲ್ಲೂ ಎಷ್ಟೋ ಪಿನ್‌ಗಳು ತೊಲೆಗೆ ತಗುಲಿರಲಿಲ್ಲ. ಕಟ್ಟಡ ತಪಾಸಣೆಯ ಈ ಸಡಿಲುತನವನ್ನೂ ಬಯಲಿಗೆಳೆದ ವರದಿಗಳಿಗಾಗಿ 'ಮಯಾಮಿ ಹೆರಾಲ್ಡ್' ಪತ್ರಿಕೆಗೆ 1993ರ ಪುಲಿಟ್ಜರ್ ಬಂತು.

ಆಂಡ್ರ್ಯೂವಿನಿಂದ ಹನ್ನೊಂದು ವಿಮಾ ಕಂಪನಿಗಳು ದಿವಾಳಿಯಾದವು. ಕೊಡುವವನೇ ಮುಳುಗಿದರೆ ಪಾಲಿಸಿ ಬರೀ ಕಾಗದ ಎಂಬುದು ಜನರಿಗೂ ಸರ್ಕಾರಕ್ಕೂ ಅರ್ಥವಾಯಿತು. ಫ್ಲೋರಿಡಾ ಕಟ್ಟಡ ನಿಯಮಗಳನ್ನು ಬಿಗಿ ಮಾಡಿತು. ಕಂಪನಿಗಳು ತಮ್ಮ ಪಾಲಿನ ಅಪಾಯ ಇಳಿಸಿಕೊಂಡವು. ಮೊದಲು ಡಿಡಕ್ಟಿಬಲ್ ಐನೂರೋ ಸಾವಿರವೋ ಡಾಲರಿನ ನಿಗದಿ ಮೊತ್ತವಾಗಿತ್ತು. ಆಮೇಲೆ ಗಾಳಿಗೆ, ಆಲಿಕಲ್ಲಿಗೆ ಮನೆಯ ಬೆಲೆಯ ಇಷ್ಟು ಪರ್ಸೆಂಟ್ ಎಂಬ ಲೆಕ್ಕ ಹರಡಿತು. ನನ್ನ ಎಂಟು ಸಾವಿರದ ಬೇರು ಅಲ್ಲಿದೆ.

ಈ ಎಲ್ಲ ಎಳೆಗಳೂ ಗಂಟು ಬಿದ್ದದ್ದು 2005ರ ಆಗಸ್ಟ್ 29ರಂದು, ಕತ್ರೀನಾ ಬಂದಾಗ. ಹೊರಗಿನವರಿಗೆ ಕತ್ರೀನಾ ಎಂದರೆ ನ್ಯೂ ಆರ್ಲಿಯನ್ಸ್ ನಗರದ ಒಡೆದ ಒಡ್ಡುಗಳು. ಆದರೆ ವಿಮೆಯ ಜಗಳದ ಊರುಗಳು ಅದರ ಪೂರ್ವಕ್ಕೆ, ಮಿಸಿಸಿಪ್ಪಿಯ ಕರಾವಳಿಯಲ್ಲಿ ಇವೆ: ಪಾಸ್ ಕ್ರಿಶ್ಚಿಯನ್, ಲಾಂಗ್ ಬೀಚ್, ಬಿಲಾಕ್ಸಿ, ಪ್ಯಾಸ್ಕಗೂಲಾ. ಅಲ್ಲಿ ಕಡಲು ಕೆಲವೆಡೆ ಸುಮಾರು 28 ಅಡಿ ಎತ್ತರಕ್ಕೆ ಉಬ್ಬಿ ಬಂತು. ಅದಕ್ಕೂ ಮುಂಚೆ ಗಂಟೆಗಟ್ಟಲೆ ಗಾಳಿ ಬೀಸಿತ್ತು. ನೀರು ಇಳಿದ ಮೇಲೆ ಬೀದಿಗೆ ಬೀದಿಯೇ ಕಾಂಕ್ರೀಟಿನ ನೆಲಗಟ್ಟು ಮಾತ್ರ ಉಳಿಯಿತು. ವಕೀಲರು ಆ ಮೊಕದ್ದಮೆಗಳಿಗೆ 'ಸ್ಲ್ಯಾಬ್ ಕೇಸು' ಎಂದೇ ಹೆಸರಿಟ್ಟರು. ಮಾಡು ಹಾರಿದ್ದು ಗಾಳಿಗೋ, ಗೋಡೆಯೊಂದಿಗೆ ನೀರು ಒಯ್ದದ್ದೋ? ಸಾಕ್ಷಿ ಹೇಳಬೇಕಾದ ಮಾಡೇ ಅಲ್ಲಿರಲಿಲ್ಲ. ನೀಲಿ ಟಾರ್ಪಾಲು ಹೊದೆಸಿಕೊಂಡು ಅರ್ಧ ಉಳಿದ ಮನೆಗಳವರೇ ಪುಣ್ಯವಂತರು.

ಹೆಚ್ಚಿನ ಮನೆಗಳಿಗೆ ನೆರೆವಿಮೆ ಇರಲಿಲ್ಲ. ಪ್ಯಾಸ್ಕಗೂಲಾದ ಒಬ್ಬ ಪೊಲೀಸ್ ಅಧಿಕಾರಿಯ ಪ್ರಕರಣ ಇವುಗಳಲ್ಲಿ ಮೊದಲು ವಿಚಾರಣೆಗೆ ಬಂತು. ಎರಡಂತಸ್ತಿನ ಮನೆ, ಕೆಳಗಿನ ಅಂತಸ್ತಿಗೆ ಐದಡಿ ನೀರು, ಮೇಲಿನ ಅಂತಸ್ತು ಬಹುತೇಕ ಹಾಗೇ ಇತ್ತು, ಮಾಡಿನ ಶಿಂಗಲ್‌ಗಳು ಕೆಲವು ಹಾರಿದ್ದವು. ನೆರೆವಿಮೆ ನಿಮಗೆ ಬೇಡ ಎಂದು ಏಜೆಂಟನೇ ಹೇಳಿದ್ದ ಎಂಬುದು ಅಧಿಕಾರಿಯ ಮಾತು. 2006ರ ಆಗಸ್ಟಿನಲ್ಲಿ ಗಲ್ಫ್‌ಪೋರ್ಟಿನ ಫೆಡರಲ್ ನ್ಯಾಯಾಧೀಶ ಎಲ್. ಟಿ. ಸೆಂಟರ್ ತೀರ್ಪು ಕೊಟ್ಟರು. ಕಂಪನಿಯ ಆ ಬಿಗಿಯಾದ ವಾಕ್ಯ ಅಸ್ಪಷ್ಟವಾಗಿದೆ, ಗಾಳಿಯಿಂದ ಎಷ್ಟು ಹಾನಿ ಎಂದು ತೋರಿಸಿದರೆ ಅಷ್ಟನ್ನು ಕೊಡಲೇಬೇಕು ಎಂದರು. ಕೇಳಲು ಗೆಲುವಿನ ಹಾಗಿದೆ. ಆದರೆ ಲಕ್ಷಕ್ಕೂ ಮಿಕ್ಕಿ ಕೇಳಿದ್ದ ಆ ಮನುಷ್ಯ ಗಾಳಿಯದೆಂದು ಬೇರ್ಪಡಿಸಿ ತೋರಿಸಲು ಸಾಧ್ಯವಾದದ್ದು 1,228 ಡಾಲರ್ ಮಾತ್ರ. ಮರುವರ್ಷ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಆ ವಾಕ್ಯದಲ್ಲಿ ಯಾವ ಅಸ್ಪಷ್ಟತೆಯೂ ಇಲ್ಲ ಎಂದಿತು.

ಇದೇ ನ್ಯಾಯಾಧೀಶರ ಮುಂದೆ 2007ರ ಜನವರಿಯಲ್ಲಿ ಬಿಲಾಕ್ಸಿಯ ಒಂದು ದಂಪತಿಯ ಪ್ರಕರಣ ಬಂತು. ಇವರದು ಪೂರಾ ಸ್ಲ್ಯಾಬ್ ಕೇಸು. ಕಂಪನಿ ಒಂದು ಕಾಸೂ ಕೊಟ್ಟಿರಲಿಲ್ಲ. ಹಾನಿ ನೀರಿನದು ಎನ್ನುವುದಾದರೆ, ಎಷ್ಟು ನೀರಿನದು ಎಂದು ಬೇರ್ಪಡಿಸಿ ತೋರಿಸುವ ಹೊಣೆ ಕಂಪನಿಯದು. ಅದನ್ನು ತೋರಿಸಿಲ್ಲ ಎಂದು ನ್ಯಾಯಾಧೀಶರು ಪಾಲಿಸಿಯ ಪೂರ್ಣ ಮೊತ್ತ 223,292 ಡಾಲರ್ ಕೊಡಲು ಆದೇಶಿಸಿದರು. ಮೇಲೆ ಜ್ಯೂರಿ 25 ಲಕ್ಷ ಡಾಲರ್ ದಂಡ ಹಾಕಿತು. ದಂಡವನ್ನು ನ್ಯಾಯಾಧೀಶರೇ ಇಳಿಸಿದರು, 2008ರಲ್ಲಿ ಮೇಲಿನ ನ್ಯಾಯಾಲಯ ಇಡೀ ತೀರ್ಪನ್ನೇ ಬದಿಗಿಟ್ಟು ಮತ್ತೆ ವಿಚಾರಣೆ ಆಗಲಿ ಎಂದಿತು. ಆ ಮೇಲ್ಮನವಿಯ ತೀರ್ಪಿನಲ್ಲಿ ನನ್ನನ್ನು ಬೆಚ್ಚಿಸಿದ ಒಂದು ಅಂಶವಿದೆ. ಅದೇ ಪಾಲಿಸಿಯಲ್ಲಿ ಮನೆಯ ಕಟ್ಟಡಕ್ಕೆ ರುಜುವಾತಿನ ಹೊಣೆ ಕಂಪನಿಯದು, ಮನೆಯೊಳಗಿನ ಸಾಮಾನಿಗೆ ಹೊಣೆ ಮನೆಯವರದು. ಒಂದೇ ಗಾಳಿ, ಒಂದೇ ನೀರು, ಒಂದೇ ದಿನ. ಮಾಡು ಹೋದದ್ದಕ್ಕೆ ಕಂಪನಿ ಪುರಾವೆ ಕೊಡಬೇಕು, ಮಾಡಿನ ಕೆಳಗಿದ್ದ ಮಂಚ ಹೋದದ್ದಕ್ಕೆ ನೀವು ಕೊಡಬೇಕು.

ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೆ ಈ ಇತಿಹಾಸದ ಮರ್ಮ ತಿಳಿಯಿತು. ಗಾಳಿ ಎಷ್ಟು ವೇಗದಲ್ಲಿ ಬೀಸಿತು, ನೀರು ಎಷ್ಟು ಏರಿತು ಎಂಬುದು ಮುಖ್ಯವೇ. ಆದರೆ ಸಾಕ್ಷಿ ಕೊಚ್ಚಿಹೋದ ಮೇಲೆ ಪ್ರಶ್ನೆ ಉಳಿಯುವುದು ಒಂದೇ: ಬೇರ್ಪಡಿಸಿ ತೋರಿಸುವ ಹೊಣೆ ಯಾರದು? ಯಾರ ತಲೆಗೆ ಆ ಹೊಣೆ ಬಿತ್ತೋ ಬಹುಮಟ್ಟಿಗೆ ಅವರು ಸೋತರು.

ಸಾಕ್ಷಿ ಕೊಚ್ಚಿಹೋಗುವುದಕ್ಕೆ ನೀರೇ ಬೇಕೆಂದಿಲ್ಲ. ಬಿಲಾಕ್ಸಿಯದೇ ಇನ್ನೊಂದು ಮನೆಗೆ ಸ್ಟೇಟ್ ಫಾರ್ಮ್ ಕಂಪನಿ ಕಳಿಸಿದ ಎಂಜಿನಿಯರು, ಹಾನಿ ಮುಖ್ಯವಾಗಿ ಗಾಳಿಯದು ಎಂದು ವರದಿ ಕೊಟ್ಟಿದ್ದ. ಆ ವರದಿಯ ಮೇಲೆ, ಇದರ ಹಣ ಪಾವತಿಸಬೇಡಿ, ಇದನ್ನು ಚರ್ಚಿಸಬೇಡಿ ಎಂಬರ್ಥದ ಚೀಟಿ ಅಂಟಿತ್ತು. ಬೇರೆ ಎಂಜಿನಿಯರನ ಎರಡನೇ ವರದಿ ಹಾನಿ ನೀರಿನದು ಎಂದಿತು. ಸರ್ಕಾರದ ನೆರೆವಿಮೆಯಿಂದ 250,000 ಡಾಲರ್ ಹೋಗಿತ್ತು. ಇದನ್ನು ಕಂಡ ಇಬ್ಬರು ಸಹೋದರಿಯರು, ಇಬ್ಬರೂ ಕಂಪನಿಯ ಪರವಾಗಿ ದುಡಿಯುತ್ತಿದ್ದ ಅಡ್ಜಸ್ಟರರು, ಸರ್ಕಾರಕ್ಕೆ ಮೋಸವಾಗಿದೆ ಎಂದು ದಾವೆ ಹೂಡಿದರು. 2013ರಲ್ಲಿ ಜ್ಯೂರಿ ಅವರ ಮಾತನ್ನು ಎತ್ತಿಹಿಡಿಯಿತು. ದಾವೆಯ ಗೋಪ್ಯತೆ ಮುರಿದಿದ್ದಾರೆ, ವಜಾ ಮಾಡಿ ಎಂದು ಕಂಪನಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2016ರ ಡಿಸೆಂಬರಿನಲ್ಲಿ ನ್ಯಾಯಾಲಯ ಒಮ್ಮತದಿಂದ ಸಹೋದರಿಯರ ಪರ ನಿಂತಿತು. ಚಂಡಮಾರುತ ಬಂದು ಹನ್ನೊಂದು ವರ್ಷ ಕಳೆದಿತ್ತು.

ಮಿಸಿಸಿಪ್ಪಿಯ ಸ್ವಂತ ಸರ್ವೋಚ್ಚ ನ್ಯಾಯಾಲಯ ಮಾತಾಡಿದ್ದು 2009ರ ಅಕ್ಟೋಬರಿನಲ್ಲಿ, ಲಾಂಗ್ ಬೀಚಿನ ಒಂದು ಮನೆಯ ಪ್ರಕರಣದಲ್ಲಿ. ಅದರ ತರ್ಕ ನನಗೆ ಬಹಳ ಹಿಡಿಸಿತು. ಗಾಳಿಗೆ ಮಾಡು ಹಾರಿದ ಕ್ಷಣದಲ್ಲೇ ಆ ನಷ್ಟ ಆಗಿಹೋಯಿತು, ಅದರ ಪರಿಹಾರದ ಹಕ್ಕು ಮನೆಯವರಿಗೆ ಬಂದಾಯಿತು. ಆಮೇಲೆ ನೀರು ಬಂದು ಉಳಿದದ್ದನ್ನೆಲ್ಲ ಒಯ್ದರೂ, ಆಗಲೇ ಬಂದ ಹಕ್ಕನ್ನು ಅದು ಒಯ್ಯಲಾರದು ಎಂದಿತು ನ್ಯಾಯಾಲಯ. ಯಾವುದು ಮೊದಲು ಯಾವುದು ನಂತರ ಎಂಬುದು ಲೆಕ್ಕಕ್ಕಿಲ್ಲ ಎಂದಿದ್ದ ವಾಕ್ಯದ ಹಲ್ಲು ಅಲ್ಲಿ ಸ್ವಲ್ಪ ಮೊಂಡಾಯಿತು. ಆದರೆ ಕತ್ರೀನಾ ಕಳೆದು ಆಗಲೇ ನಾಲ್ಕು ವರ್ಷ. ಎಷ್ಟೋ ಜನ ಸಿಕ್ಕಷ್ಟಕ್ಕೆ ರಾಜಿಯಾಗಿ ಊರು ಬಿಟ್ಟಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಕಂಪನಿಗಳೆಲ್ಲ ರಾಕ್ಷಸರು, ಎದುರಿನವರೆಲ್ಲ ದೇವರು ಎಂದಂತಾಗುತ್ತದೆ. ಹಾಗಿಲ್ಲ. ಕತ್ರೀನಾದ ಸಂತ್ರಸ್ತರ ದೊಡ್ಡ ವಕೀಲ ಡಿಕಿ ಸ್ಕ್ರಗ್ಸ್. ಸೆನೆಟರ್ ಟ್ರೆಂಟ್ ಲಾಟ್ ಆತನ ಷಡ್ಡಕ. ಪ್ಯಾಸ್ಕಗೂಲಾದ ತನ್ನ ಮನೆ ಕಳೆದುಕೊಂಡ ಲಾಟ್ ಕೂಡ ತನ್ನ ವಿಮಾ ಕಂಪನಿಯ ಮೇಲೆ ದಾವೆ ಹೂಡಿದ್ದ. 2007ರಲ್ಲಿ 600ಕ್ಕೂ ಹೆಚ್ಚು ದಾವೆಗಳನ್ನು ಸ್ಕ್ರಗ್ಸ್ ತಂಡ ಒಟ್ಟಿಗೆ ರಾಜಿ ಮಾಡಿಸಿತು. ಆ ರಾಜಿಯ ಫೀಸು ಹಂಚಿಕೊಳ್ಳುವಲ್ಲಿ ವಕೀಲರೊಳಗೇ ಜಗಳವಾಗಿ, ಅದನ್ನು ಗೆಲ್ಲಲು ನ್ಯಾಯಾಧೀಶರಿಗೆ ಲಂಚ ಕೊಡುವ ಸಂಚು ನಡೆದು, 2008ರಲ್ಲಿ ಸ್ಕ್ರಗ್ಸ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದ.

ಫ್ಲೋರಿಡಾದಲ್ಲಿ ಚಾವಣಿಯೇ ಒಂದು ವ್ಯಾಪಾರವಾಯಿತು. ಬಿರುಗಾಳಿ ಕಳೆದ ಮರುದಿನ ರಿಪೇರಿಯವರು ಬಾಗಿಲು ತಟ್ಟಿ, ಕ್ಲೇಮಿನ ಹಕ್ಕನ್ನು ನಮಗೆ ಬರೆದುಕೊಡಿ, ಹೊಸ ಮಾಡು ಬಿಟ್ಟಿ ಹಾಕಿಕೊಡುತ್ತೇವೆ ಎನ್ನುತ್ತಿದ್ದರು. ಗೆದ್ದರೆ ವಕೀಲರ ಫೀಸೂ ಕಂಪನಿಯೇ ಕೊಡಬೇಕೆಂಬ ಹಳೆಯ ಕಾನೂನು ಅಲ್ಲಿತ್ತು. ಬಡ ಮನೆಯವರು ದೊಡ್ಡ ಕಂಪನಿಯೆದುರು ನಿಲ್ಲಲಿ ಎಂದು 1893ರಷ್ಟು ಹಿಂದೆ ಮಾಡಿದ್ದು ಅದು. ದೇಶದ ಮನೆವಿಮೆಯ ಕ್ಲೇಮುಗಳಲ್ಲಿ ಹತ್ತನೇ ಒಂದಂಶಕ್ಕಿಂತ ಕಮ್ಮಿ ಫ್ಲೋರಿಡಾದ್ದಾದರೆ, ಕೋರ್ಟಿಗೆ ಹೋದ ದಾವೆಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯವೇ ಎಂದು ಆ ರಾಜ್ಯದ ವಿಮಾ ಅಧಿಕಾರಿಗಳು ಲೆಕ್ಕ ಕೊಟ್ಟರು. ಕಂಪನಿಗಳು ಮುಚ್ಚತೊಡಗಿದವು, ಕಂತು ಏರಿತು. 2022ರಲ್ಲಿ ಶಾಸನಸಭೆ ಎರಡು ವಿಶೇಷ ಅಧಿವೇಶನ ಕರೆದು ಆ ಫೀಸಿನ ಕಾನೂನನ್ನೂ ಹಕ್ಕು ಬರೆದುಕೊಡುವ ಪದ್ಧತಿಯನ್ನೂ ಕೊನೆಗೊಳಿಸಿತು. ಹದಿನೈದು ವರ್ಷ ತುಂಬದ ಮಾಡಿಗೆ, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ವಿಮೆ ನಿರಾಕರಿಸಬಾರದು ಎಂಬ ನಿಯಮವೂ ಅದೇ ವರ್ಷ ಬಂತು. ಮೋಸ ಮಾಡಿದವರ ಜೊತೆಗೆ, ನಿಜವಾಗಿ ಮಾಡು ಕಳೆದುಕೊಂಡವನ ಕೈಯಿಂದಲೂ ಒಂದು ಆಯುಧ ಹೋಯಿತು.

ಇನ್ನು ನಮ್ಮ ಟೆಕ್ಸಾಸ್. ಇಲ್ಲಿ ಜಗಳ ನೀರಿನೊಂದಿಗಲ್ಲ, ವಯಸ್ಸಿನೊಂದಿಗೆ. ಹಳೆಯ ಸವೆತಕ್ಕೂ ಹೊಸ ಆಲಿಕಲ್ಲಿಗೂ ಪಾಲು ಇದ್ದರೆ, ಕಲ್ಲಿನ ಪಾಲು ಎಷ್ಟೆಂದು ಬೇರ್ಪಡಿಸಿ ತೋರಿಸುವ ಹೊಣೆ ಇಲ್ಲಿ ಮನೆಯವರದು. ಹಾಗಾದರೆ ಅಪ್ಪ ಕೇಳಿದಂತೆ, ಹಳೆಯದಾದರೂ ಸೋರದೆ ನಿಂತಿದ್ದ ಮಾಡು ಕಲ್ಲು ಬಿದ್ದ ಮೇಲೆ ಸೋರತೊಡಗಿದರೆ? ಈ ಪ್ರಶ್ನೆಯನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ, ನೀವೇ ಹೇಳಿ ಎಂದು ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯಕ್ಕೆ ಕಳಿಸಿತು. ಎರಡೂ ಚಾವಣಿಯ ಪ್ರಕರಣಗಳೇ. ಎರಡು ಸಲವೂ ಉತ್ತರ ಬರುವ ಮೊದಲೇ ಕಕ್ಷಿಗಾರರು ರಾಜಿಯಾದರು. ಪ್ರಶ್ನೆ ಎರಡು ಸಲವೂ ಉತ್ತರವಿಲ್ಲದೆ ಹಿಂದಿರುಗಿತು.

ಒಂದು ದಾರಿ ಮಾತ್ರ ಕಂಡಿತು. ಹಳೆಯ ಬೆಂಕಿವಿಮೆಯ ಕಾಲದಿಂದಲೂ ಪಾಲಿಸಿಯಲ್ಲಿ ಒಂದು ಷರತ್ತು ಉಳಿದುಬಂದಿದೆ: ಮೊತ್ತದ ಬಗ್ಗೆ ಒಪ್ಪಿಗೆ ಆಗದಿದ್ದರೆ ಇಬ್ಬರೂ ಒಬ್ಬೊಬ್ಬ ಮೌಲ್ಯಮಾಪಕನನ್ನು ನೇಮಿಸಬೇಕು, ಅವರಿಬ್ಬರೂ ಸೇರಿ ಮೂರನೆಯವನನ್ನು ಆರಿಸಬೇಕು, ಮೂವರಲ್ಲಿ ಇಬ್ಬರು ಒಪ್ಪಿದ್ದೇ ತೀರ್ಮಾನ. ನಮ್ಮ ಪಂಚಾಯ್ತಿಕೆಯ ಹಾಗೇ. 2003ರಲ್ಲಿ ನಮ್ಮ ಉತ್ತರ ಟೆಕ್ಸಾಸಿನಲ್ಲೇ ಒಬ್ಬ ಹೆಂಗಸಿನ ಮನೆಯ ಮೇಲೆ ಆಲಿಕಲ್ಲು ಬಿತ್ತು. ಹಾನಿ ಮಾಡಿನ ನೆತ್ತಿಗೆ ಮಾತ್ರ, ಐನೂರು ಡಾಲರಿಗೆ ತುಸು ಕಮ್ಮಿ ಎಂದಿತು ಕಂಪನಿ. ಪೂರಾ ಮಾಡು ಹೋಗಿದೆ, ಹದಿಮೂರು ಸಾವಿರಕ್ಕೂ ಹೆಚ್ಚು ಎಂದ ಆಕೆಯ ರಿಪೇರಿಯವ. ಪಂಚಾಯ್ತಿಕೆ ಆಗಲಿ ಎಂದಳು ಆಕೆ. ಇದು ಮೊತ್ತದ ಜಗಳವಲ್ಲ, ಕಾರಣದ ಜಗಳ, ಪಂಚರಿಗೆ ಬರುವುದಿಲ್ಲ ಎಂದಿತು ಕಂಪನಿ. ಹಾನಿಯನ್ನು ಅಳೆಯುವವನು ಕಾರಣವನ್ನು ಸ್ವಲ್ಪವಾದರೂ ನೋಡದೆ ಅಳೆಯಲಾರ ಎಂದು 2009ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯ ಆಕೆಯ ಪರ ತೀರ್ಪಿತ್ತಿತು. ಐನೂರು ಡಾಲರೋ ಹದಿಮೂರು ಸಾವಿರವೋ ಎಂದು ಲೆಕ್ಕ ಹಾಕಲು ಪಂಚರನ್ನು ಕೂರಿಸಬಹುದು ಎಂದಷ್ಟೇ ಗೊತ್ತಾಗಲು ಆರು ವರ್ಷ.

ನಾನು ಆರು ವರ್ಷ ಕಾಯುವವನಲ್ಲ. ಆದರೆ ಓದಿದ್ದು ಒಂದು ಉಪಕಾರ ಮಾಡಿತು. ನನ್ನಲ್ಲಿ ಕೊರತೆಯಿದ್ದದ್ದು ವಾದದ್ದಲ್ಲ, ಕಲ್ಲು ಬೀಳುವ ಮುಂಚೆ ಮಾಡು ಹೇಗಿತ್ತು ಎಂಬ ಪುರಾವೆಯದು. ಮನೆ ಕೊಂಡಾಗಿನ ತಪಾಸಣೆ ವರದಿ ನೆನಪಾಗಿ ಹಳೆಯ ಇಮೇಲುಗಳನ್ನು ಜಾಲಾಡಿದೆ. ನಲವತ್ತು ಪುಟಗಳ ಆ ವರದಿಯಲ್ಲಿ ಮಾಡಿನ ಮೂರು ಫೋಟೋ ಇದ್ದವು, ನಾಲ್ಕು ವರ್ಷ ಹಳೆಯವು. ಎರಡು ಇಳಿಜಾರು ಅವುಗಳಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಅವನ್ನು ಲಗತ್ತಿಸಿ, ಮತ್ತೆ ತಪಾಸಣೆ ಮಾಡಿಸಿ, ಇಲ್ಲವಾದರೆ ಪಾಲಿಸಿಯ ಪ್ರಕಾರ ಪಂಚರನ್ನು ಕೂರಿಸೋಣ ಎಂದು ಬರೆದೆ. ಈ ಸಲ ವಯಸ್ಸಾದ ಒಬ್ಬ ಅಡ್ಜಸ್ಟರ್ ಬಂದ. ಫೋಟೋಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡೇ ಏಣಿ ಹತ್ತಿದ.

ಫೋಟೋ ಇದ್ದ ಎರಡು ಇಳಿಜಾರುಗಳ ಹಾನಿಯನ್ನು ಕಂಪನಿ ಒಪ್ಪಿತು. ಫೋಟೋ ಇಲ್ಲದ ಎರಡನ್ನು ಒಪ್ಪಲಿಲ್ಲ. ಕಲ್ಲು ನಾಲ್ಕೂ ಕಡೆ ಬಿದ್ದಿತ್ತು. ಒಪ್ಪಿದ್ದು 11,400 ಡಾಲರ್, ಅದರಲ್ಲಿ ಡಿಡಕ್ಟಿಬಲ್ 8,000 ಕಳೆದು, ಮಾಡಿನ ವಯಸ್ಸಿಗೆಂದು 2,200 ಕಳೆದು, ನನ್ನ ಕೈಗೆ ಬಂದದ್ದು 1,200. ಪಂಚಾಯ್ತಿಕೆಗೆ ಹೋಗಬಹುದಿತ್ತು. ಪಂಚರ ಫೀಸು ಲೆಕ್ಕ ಹಾಕಿ ಸುಮ್ಮನಾದೆ. ಮಿಕ್ಕ ದುಡ್ಡು ಸಾಲ ತೆಗೆದು ಪೂರ್ತಿ ಮಾಡು ಹೊಸದಾಗಿ ಹಾಕಿಸಿದೆ.

ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು, "ಹೊಸ ಮಾಡಿನ ಫೋಟೋ ತೆಗೆದಿಟ್ಯಾ?" ತೆಗೆದಿಟ್ಟಿದ್ದೇನೆ. ನಾಲ್ಕೂ ಇಳಿಜಾರಿನದು, ತಾರೀಖು ಸಮೇತ. ಈ ವರ್ಷ ಮಾರ್ಚಿನಲ್ಲಿ ಮತ್ತೊಮ್ಮೆ ಏಣಿ ಹಾಕಿದೆ. ಊರಿನಲ್ಲಿ ಅಪ್ಪ ಹಂಚು ಕೈಯಾಡಿಸಲು ಆಳು ಹುಡುಕುವುದೂ ಆಗಲೇ ಶುರುವಾಗಿತ್ತು.